ಗಿರಣಿ ಬಂದ್ ಇದ್ದ ದಿನ

ಬಗ್ಗಸೂದು ಕಲಿಯಾಕ ಮೂರು ಪಕ್ಕ ಮುರಿದೆ.
ಕಾದ ಕೊಳವಿಗೆ ತೊಯ್ಸಿದ ಹಲಗಿ ಒತ್ತಿದ್ರ
ಬೆಲ್ಲ ಹೊತ್ತಿದ ವಾಸನಿ, ಆಮ್ಯಾಲೆ ಚಟ್.
ನಾಕನೇದು ಒಪ್ಪಿಕೊಂತು,
ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟು ನಿಂತಾಕಿಯಂಗ
ನಡಾ ತಗ್ಗಿಸಿತು.

ಪಂಕ್ಚರ್ ಅಂಗಡಿಯ ಹಳೇ ಟ್ಯೂಬು ಸೀಳಿ
ಮುರಿದ ಕಾಲಿಗೆ ಪಟ್ಟಿ ಕಟ್ಟಿದಂಗ ಸುತ್ತಿದೆ.
ಒಳಗಿನ ಅಂಚಿಗೆ ಮನ್ಯಾಗಿನ ಕ್ಲಿಪ್ಪೆಲ್ಲಾ ಖರ್ಚು,
ಬನಶಂಕ್ರಿ ಎರಡು ದಿನ ಹಸಿ ಸೀರಿ ಹಿಡಕೊಂಡು ಬೈದ್ಲು:
ಅಂಗಡ್ಯಾಗಿಂದು ಇದಕ್ಕಿಂತ ಸೋವಿ.
ಖರೇನಽ.

ಕುತ್ತಿಗಿ, ನಮ್ಮ ಮುರಿದ ಮಗ್ಗದ ತೊಲಿ.
ಅದರಾಗ ಇನ್ನೂ ಮೊಳಿ ಇದ್ದದ್ದು
ರಂದಾದ ಹಲ್ಲು ಹೋದಮ್ಯಾಲೆ ಗೊತ್ತಾತು.

ತಂತಿ ಕಟ್ಟೂಕಿಂತ ಮೊದ್ಲಽ ಅದು ಮಾತಾಡಿತ್ತು.
ಪಡಸಾಲಿ ಹಗ್ಗಕ್ಕ ತೂಗಬಿಟ್ಟ ಖಾಲಿ ಡಬ್ಬ,
ಬಾಜೂಕ ಖತೀಜಾಬಿ ಗಿರಣಿ ಚಾಲೂ ಮಾಡಿದ ಕೂಡ್ಲೆ
ಹೊಟ್ಟ್ಯಾಗ ಗುಂಯ್ ಅಂತಿತ್ತು.
ಅಂಗೈ ಇಟ್ರ ತಿಳೀತಿತ್ತು
ಈಗ ಜೋಳ, ಈಗ ಗೋದಿ,
ಈಗ ಯಾರದೋ ಮನಿ ಮದುವಿ ಕಡ್ಲಿ.

ಅದಽ ಗಿರಣಿ ವೈರಿನೂ ಆತು.
ಪಾಲಿಶ್ ಹಸಿ ಇದ್ದಾಗ
ಬೆಟಗೇರಿ ಗಾಳ್ಯಾಗ ತೇಲೂ ಹಿಟ್ಟೆಲ್ಲಾ
ಬೀಗರ ಮನಿಗೆ ಬಂದಂಗ ಬಂದು ಕುಂತಿತು.
ಎರಡು ಸಲ ಕೆರೆದು ತಗದೆ.

ಅಮಾಸಿ. ಗಿರಣಿ ಬಂದ್.
ಕದಾ ಹಾಕ್ಕೊಂಡು, ಸ್ಪಿರಿಟ್ಟಿನ್ಯಾಗ ಕರಗಿದ ಅರಗು
ಅರಿವಿ ಉಂಡಿಗೆ ಕುಡಿಸಿ
ಎಂಟು ತಿದ್ದಾಕ ಕುಂತೆ.
ಕನ್ನಡದ ೮ ಅಲ್ಲ. ಅದರ ಬಾಯಿ ತೆರದಿರತೈತಿ,
ತುದಿ ಮುಟ್ಟಿದ ಕೈ ನಿಲ್ಲತೈತಿ,
ನಿಂತಲ್ಲೆ ಕಲಿ.
ಇಂಗ್ಲಿಷಿನ 8, ಎಲ್ಲೂ ನಿಲ್ಲಂಗಿಲ್ಲ,
ಸೊಂಟದಾಗ ತನ್ನನ್ನ ತಾನಽ ದಾಟಿ ಹೊಳ್ಳಿ ಬರತೈತಿ.
ಸಾಲ್ಯಾಗ ತಪ್ಪಿಸಿದ ಕಾಪಿ ಎಲ್ಲಾ
ಅವತ್ತು ಬರದು ಮುಗಿಸಿದೆ.
ಸಂಜಿಗೆ ಹಲಗ್ಯಾಗ ನನ್ನ ಗಡ್ಡ ಕಂಡಿತು.

ಮೂರು ವಾರ ಬಿಟ್ಟು ತಂತಿ ಏರಿಸಿದೆ.
ಖತೀಜಾಬಿ ನೋಡಾಕ ಬಂದ್ರು,
ಸೆರಗಿಗೆ ಎರಡು ಸಲ ಕೈ ಒರಸ್ಕೊಂಡು
ಆದ್ರೂ ಮುಟ್ಟಲಿಲ್ಲ.
ಎಲ್ಲಾ ಸ್ವರ ಚೊಲೊ. ದಪ್ಪ ತಂತಿಯ
ಮೂರನೇ ಮೆಟ್ಟಲ ಒಂದಽ
ಬಾಯಿ ತಗದು ತನ್ನ ದನಿ ತಾನಽ ನುಂಗತೈತಿ.
ಅದು ನಿಮ್ಮ ಗಿರಣಿದು ಅಂತ
ನಾ ಹೇಳಲಿಲ್ಲ.

ನುಡಿಸೂದ್ರಾಗಽ ತಂತಿ ಇಳೀತು, ಬಿಗದೆ, ಮತ್ತ ಇಳೀತು.
ಅವ್ರು ಕಿವಿ ಕೊಟ್ಟು ಕೇಳಿ, ತಲಿ ಅಲ್ಲಾಡಿಸಿದ್ರು:
'ಬೆಲ್ಟ್ ಹೊಸಾದಲ್ಲೇನು?
ಒಂದು ವಾರ ಜಗ್ಗತೈತಿ.
ಬಿಗೀತಾ ಇರು.'