ಗೊತ್ತಿರುವವಳು

ಕಟೊವೀತ್ಸೆಯ ಈ ಆಸ್ಪತ್ರೆಯಲ್ಲಿ
ಡಾಕ್ಟರಿಗೆ ಗೊತ್ತಿಲ್ಲ, ನರ್ಸಿಗೆ ಗೊತ್ತಿಲ್ಲ,
ಸೂಜಿಗೆ ತೋಳು ಕೊಟ್ಟವನಿಗಂತೂ ಇಲ್ಲವೇ ಇಲ್ಲ.
ನೆಲಮಾಳಿಗೆಯ ಔಷಧಿ ಕೋಣೆಯಲ್ಲಿ
ನನಗೊಬ್ಬಳಿಗೇ ಗೊತ್ತು
ಯಾವ ಚೀಲದಲ್ಲಿ ಮದ್ದು, ಯಾವುದರಲ್ಲಿ ಬರೀ ಉಪ್ಪುನೀರು.
ಎರಡಕ್ಕೂ ಒಂದೇ ಹಳದಿ ಮುಸುಕು.
ಮೇಲೊಂದು ನಂಬರು: ನಾನೂರ ಹದಿನೇಳು.

ಆ ನಂಬರಿಗೊಂದು ಮುಖ ಇದೆಯೆಂದು
ನನಗೆ ತಿಳಿಯಬಾರದಿತ್ತು.
ತಿಳಿದದ್ದು ಟ್ರಾಮ್ ನಿಲ್ದಾಣದಲ್ಲಿ, ಫೆಬ್ರವರಿಯ ಕೆಸರು ಹಿಮದಲ್ಲಿ.

ಎವಾಲ್ಡ್ ಪ್ಯೇಖಾ.
ಇಪ್ಪತ್ತೊಂಬತ್ತು ವರ್ಷ ಕಲ್ಲಿದ್ದಲ ಗಣಿ, ನಲವತ್ತು ವರ್ಷ ಸಿಗರೇಟು
("ಎರಡರಲ್ಲಿ ಕಳ್ಳ ಯಾರು, ನೀವೇ ಹೇಳಿ" ನಕ್ಕ, ಕೆಮ್ಮಿದ),
ತಾರಸಿಯಲ್ಲಿ ಅರವತ್ತು ಪಂದ್ಯದ ಪಾರಿವಾಳ.

"ರಕ್ತದಲ್ಲಿ ಪಹರೆಯವರಿದ್ದಾರಂತೆ ಅಮ್ಮಾ,
ಈ ಗೆಡ್ಡೆ ಅವರ ಕಣ್ಣಿಗೆ ಮಣ್ಣೆರಚಿ
'ನಾನೂ ಮನೆಯವನೇ' ಅಂತ ಒಳಗೆ ಕೂತಿದೆಯಂತೆ.
ನನ್ನ ಗೂಡಲ್ಲೂ ಅದೇ ಕತೆ.
ಯಾರದೋ ಹಕ್ಕಿ ಬರುತ್ತೆ, ಕಾಳು ತಿನ್ನುತ್ತೆ, ನಮ್ಮದರ ಹಾಗೇ ಗುಟುರು ಹಾಕುತ್ತೆ.
ಹಿಡಿದು ಕಾಲಿನ ಉಂಗುರ ನೋಡಬೇಕು.
ಮದ್ದು ಹೇಳೋದು ಅಷ್ಟೇ:
ಉಂಗುರ ನೋಡ್ರೋ, ಉಂಗುರ ನೋಡಿ."

ಕೋಟಿನ ತೋಳು ಮಡಚಿದ. ಮೊಣಕೈವರೆಗೂ ಕೆಂಪು ದದ್ದು.
"ಅಸಲಿ ಮದ್ದೇ ಸಿಕ್ಕಿದೆ, ಅಲ್ವಾ?
ನೀರಿಗೆ ಯಾರಿಗಾದರೂ ತುರಿಕೆ ಬರುತ್ತಾ?"

ನಾನು ಟ್ರಾಮ್ ಬರುವ ದಿಕ್ಕು ನೋಡಿದೆ.
ಆರನೆಯ ನಂಬರಿನದು ತಡವಾಗಿತ್ತು.

ಓದುತ್ತಿರುವ ನಿಮಗೂ ಕೇಳಬೇಕೆನಿಸಿದೆ.
ಕೇಳಬೇಡಿ. ಸಹಿ ಹಾಕಿದ್ದೇನೆ.
ಗಂಡನಿಗೂ ಹೇಳಿಲ್ಲ; ನಿದ್ದೆಯಲ್ಲಿ ಬಡಬಡಿಸುವ ಅಭ್ಯಾಸವಿದೆಯೆಂದು
ಪಕ್ಕದ ಕೋಣೆಯಲ್ಲಿ ಮಲಗುತ್ತೇನೆ.

ಇಷ್ಟು ಹೇಳಬಹುದು:
ನಾನೂರ ಒಂಬತ್ತು ಅಂತ ಒಂದಿತ್ತು.
ಗಂಡೋ ಹೆಣ್ಣೋ, ತಿಳಿಯದು.
ಏಳು ಚೀಲ ತುಂಬಿಸಿಕೊಟ್ಟೆ.
ಎಂಟನೆಯದಕ್ಕೆ ಯಾರೂ ಚೀಟಿ ಕಳಿಸಲಿಲ್ಲ.
ಆ ಏಳರಲ್ಲೂ ಇದ್ದದ್ದು
ನೀರಲ್ಲ.

ಎವಾಲ್ಡನ ಹಕ್ಕಿಯೊಂದು, ನೀಲಿ ಪಟ್ಟೆಯ ಹೆಣ್ಣು,
ಹ್ಯಾನೋವರಿನಲ್ಲಿ ಬಿಟ್ಟದ್ದು, ಹೋದ ಬೇಸಿಗೆಯಿಂದ ಬಂದಿಲ್ಲ.
ಗೂಡಿನ ಬಾಗಿಲು ಇನ್ನೂ ಮುಚ್ಚಿಲ್ಲ ಆತ.
"ಚಳಿ ನುಗ್ಗುತ್ತೆ, ಉಳಿದವು ಬೈತಾವೆ" ಅಂದಿದ್ದ.

ಸೋಮವಾರ, ಬೆಳಿಗ್ಗೆ ಏಳೂವರೆ.
ಪ್ರಿಂಟರು ಕೆಮ್ಮಿ ಒಂದು ಹಾಳೆ ಉಗುಳಿತು:
ನಾನೂರ ಹದಿನೇಳು. ಒಂಬತ್ತನೆಯ ಸಲ.
ತೂಕ: ಕಳೆದ ಬಾರಿಗಿಂತ ಎರಡು ಕಿಲೋ ಹೆಚ್ಚು.

ಎರಡು ಸಲ ಓದಿದೆ.
ಕೈ ತೊಳೆದುಕೊಂಡೆ,
ಹಳದಿ ಮುಸುಕು ಬಿಡಿಸಿಟ್ಟೆ.