ಪೆನ್ಷನ್ ಮೊಹಲ್ಲಾದ ಮಹಡಿ

ಕೆಳಗೆ ಹಿಟ್ಟಿನ ಗಿರಣಿ. ಮೇಲೆ ನಾವು.
ರಾಗಿ ಬೀಸುವಾಗ ನೆಲ ನಡುಗುತ್ತದೆ,
ಗೋಧಿಗೆ ಅಷ್ಟಿಲ್ಲ.
ನಡುಕದ ಹೊತ್ತಿನಲ್ಲಿ ಉಳಿ ಹಿಡಿಯಬೇಡಿ ಅಂತ
ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದ್ದೇನೆ.
ಯಾರೂ ಓದುವುದಿಲ್ಲ.

ಅಚ್ಚಿನ ಯಂತ್ರ ಅಂದರೆ ಹಳೇ ಕಬ್ಬಿನ ಮಿಷನ್ನು.
ರೈಲ್ವೆ ಸ್ಟೇಷನ್ ಎದುರು ಅರೆದೂ ಅರೆದೂ ಸವೆದದ್ದು,
ಗುಜರಿಯಲ್ಲಿ ಬಿದ್ದಿತ್ತು, ತೂಕದ ಲೆಕ್ಕದಲ್ಲಿ ತಂದೆ.
ಉರುಳೆಗಳ ಹಲ್ಲು ಕಡೆದು ನುಣುಪು ಮಾಡಿಕೊಟ್ಟವನು
ಲೇತ್ ಕೆಲಸದ ಇನ್ನಾಸಪ್ಪ,
ಅರ್ಧ ದುಡ್ಡು ಇನ್ನೂ ಬಾಕಿ.
ಎಷ್ಟು ಸೀಮೆಎಣ್ಣೆ ಹಾಕಿ ಉಜ್ಜಿದರೂ
ಮೊದಲ ವರ್ಷ ಪೂರ್ತಿ
ನಮ್ಮ ಚಿತ್ರಗಳಿಗೆ ಇರುವೆ ಬರುತ್ತಿದ್ದವು.
ನೋಡಲು ಬಂದವರಲ್ಲಿ ಅವೇ ಜಾಸ್ತಿ.

ಮೊದಲ ಪಾಠ ಆಲೂಗಡ್ಡೆ.
ಹಾಸನದಲ್ಲಿ ಅದಕ್ಕೇನು ಬರ!
ಸಂತೆ ಎದ್ದ ಮೇಲೆ ಬಿಟ್ಟುಹೋದದ್ದನ್ನು ಆಯ್ದು ತಾ,
ಎರಡು ಹೋಳು ಮಾಡು,
ನಿನ್ನ ಹೆಸರಿನ ಮೊದಲಕ್ಷರ ಕೆತ್ತು.
ನಂಬರ್ ಪ್ಲೇಟ್ ಬರೆಯುವ ಪುಟ್ಟಲಿಂಗ
ಸ್ಕೇಲಿಟ್ಟ ಹಾಗೆ 'ಪು' ಕೆತ್ತಿದ.
ಒತ್ತಿದರೆ, ಬೆನ್ನು ತಿರುಗಿಸಿ ಕೂತಿತು ಅಕ್ಷರ.
ಹತ್ತು ವರ್ಷ ಆರ್‌ಟಿಓ ಮುಂದೆ ಕೂತವನು
ತನ್ನ ಹೆಸರು ತಾನೇ ಓದಲಾರದೆ ನಕ್ಕ ನಗು ಇದೆಯಲ್ಲ,
ಅವನಿಗೆ ಕಲಿಸಲು ಅದಕ್ಕಿಂತ ಹೆಚ್ಚೇನೂ
ನನ್ನ ಹತ್ತಿರ ಇರಲಿಲ್ಲ.

ಕೌಸರಳ ಕಷ್ಟ ಬೇರೆ.
ಅವಳಿಗೆ ಎಲ್ಲವೂ ಬೇಗ ಬರುತ್ತದೆ.
ಅವಳಪ್ಪ ಎಪಿಎಂಸಿ ಯಾರ್ಡಿನಲ್ಲಿ
ಹರಿದ ಗೋಣಿಚೀಲ ಹೊಲಿಯುತ್ತಾರೆ;
ಅವಳ ಗೆರೆಗೂ ದಬ್ಬಣದ ನಡಿಗೆ,
ಮುಳುಗಿ, ಎದ್ದು, ಮತ್ತೆ ಮುಳುಗಿ.
ಆರು ತಿಂಗಳಾಗಿತ್ತು. ಒಂದು ದಿನ ನೋಡುತ್ತೇನೆ,
ದಬ್ಬಣ ಮಾಯ.
ಗೆರೆಯ ತುದಿ ಕೊಂಚ ಎಡಕ್ಕೆ ಕೊಂಕಿದೆ,
ಥೇಟ್ ನನ್ನದರ ಹಾಗೆ.
ನನ್ನದು ಹನ್ನೊಂದನೇ ವಯಸ್ಸಿಗೆ ಮುರಿದು
ಸರಿಯಾಗಿ ಕೂಡದ ಮಣಿಕಟ್ಟಿನ ಕೊಂಕು.
ಮುರಿಯದ ಕೈಗೆ ಅದೇಕೆ?
ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ.
ಆ ರಾತ್ರಿ ಎರಡು ಚಪಾತಿ ಹೆಚ್ಚಿಗೆ ತಿಂದೆ.
ಬೆಳಿಗ್ಗೆ ಅಂದೆ: ಒಂದು ತಿಂಗಳು ಇತ್ತ ಬರಬೇಡ,
ಅಪ್ಪನ ಪಕ್ಕ ಕೂತು ಚೀಲ ಹೊಲಿ.

ಮಾತಾಡಲಿಲ್ಲ. ಮೆಟ್ಟಿಲಿಳಿದ ಸದ್ದಿಗೆ
ಗಿರಣಿಯವನು ತಲೆ ಎತ್ತಿ ನೋಡಿದನಂತೆ.

ತಿಂಗಳಲ್ಲ, ಐವತ್ತು ದಿನ ಬಿಟ್ಟು ಬಂದಳು.
ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.
ತನ್ನದೇನನ್ನೂ ತೋರಿಸದೆ
ನೇರ ನನ್ನ ಹಲಗೆಯ ಮುಂದೆ ನಿಂತಳು.
ಎರಡು ವರ್ಷದಿಂದ ಕೆತ್ತುತ್ತಿರುವ ಹಲಗೆ:
ಅಮ್ಮ, ಮೊರ, ಕಲ್ಲು ಆರಿಸುವ ಕೈ.
ಮುಖದ ಜಾಗ ಮಾತ್ರ ಉಳಿ ಮುಟ್ಟಿಸದೆ ಬಿಟ್ಟಿದ್ದೆ,
ಅಚ್ಚಿನಲ್ಲಿ ಕಪ್ಪಗೆ ಬರುತ್ತಿತ್ತು.
ಕೇಳಿದವರಿಗೆಲ್ಲ 'ಅದು ಮೌನ' ಅನ್ನುತ್ತಿದ್ದೆ.
ಮೈಸೂರಿನಿಂದ ಬಂದಿದ್ದ ಒಬ್ಬರು
ಹೌದು ಹೌದು ಅಂದಿದ್ದರು ಕೂಡ.

ಕೌಸರ್ ಬಟ್ಟೆ ಸುತ್ತಿದ ಬೆರಳನ್ನೇ ಅಲ್ಲಿಟ್ಟಳು.
'ಇಲ್ಲಿ ಹೆದರಿದ್ದೀರಿ, ಮಿಸ್.'

ಪುಟ್ಟಲಿಂಗ ಮಸಿ ಕಲೆಸುವುದು ನಿಲ್ಲಿಸಿದ.
ಕೆಳಗೆ ಯಾರದೋ ರಾಗಿ ಬಂತು,
ನೆಲ ನಡುಗತೊಡಗಿತು.
ಇದ್ದಿಲ ಅಕ್ಷರ ಗೋಡೆಯ ಮೇಲೆ ಇದ್ದೇ ಇತ್ತು.
ಉಳಿ ತಗೊಂಡೆ.

ಮೂಗು ಸ್ವಲ್ಪ ಕೆಟ್ಟಿತು.
ಅಮ್ಮನ ಮೂಗೂ
ಅಷ್ಟೇನೂ ನೆಟ್ಟಗಿರಲಿಲ್ಲ.