ಬಲೆಯ ಕಣ್ಣು

ಹದಿನಾಲ್ಕು ವಾರ, ಐದು ಜನ, ಒಂದು ಜಾಲತಾಣ.
ಮಾಡಬೇಕಾದ್ದನ್ನೆಲ್ಲ ಹಳದಿ ಚೀಟಿಯಲ್ಲಿ ಬರೆದು
ಗೋಡೆಗೆ ಅಂಟಿಸಿದ್ದೆ. ಸರೋವರದ ಗಾಳಿಗೆ
ಅವು ಒಂದೊಂದೇ ಕಳಚಿ ಬೀಳುತ್ತಿದ್ದವು;
ಕೆಲಸ ಮುಗಿಯುತ್ತಿದೆ ಅಂದುಕೊಂಡಿದ್ದೆ.

ನನ್ನನ್ನು ಮ್ಯಾನೇಜರ್ ಮಾಡಿದ್ದಕ್ಕೆ ಕಾರಣ ಇಷ್ಟೇ:
ಕರೆಂಟು ಹೋದ ಮೇಲೂ ನನ್ನ ಲ್ಯಾಪ್‌ಟಾಪು
ಒಂದು ಗಂಟೆ ಉಸಿರು ಹಿಡಿದಿರುತ್ತಿತ್ತು.
ಕಿಸುಮುವಿನ ನಮ್ಮ ಹಾಸ್ಟೆಲಿನಲ್ಲಿ
ಪಟ್ಟಕ್ಕೇರಲು ಅಷ್ಟು ಸಾಕು.

ಮೊದಲ ವಾರವೇ ಡುಂಗಾ ದಡಕ್ಕೆ ಹೋದೆವು.
ಮೀನು ಮಾರುವ ಹೆಂಗಸರ ಸಂಘ. ಅದರ ಹಿರಿಯಳು ಅಕೆಯೊ
ಸೀಳಿದ ಎಂಬುಟಾದ ಹೊಟ್ಟೆಯಿಂದ ಕೈ ತೆಗೆಯದೆಯೇ ಹೇಳಿದಳು:
"ದೋಣಿ ಎಷ್ಟು ಬಂದವು, ಇವತ್ತಿನ ದರ ಏನು,
ಬೆಳಕು ಹರಿಯುವ ಮೊದಲು ಅಷ್ಟು ತಿಳಿದರೆ ಸಾಕು ಮಗಳೇ."
ನಾನು ತಲೆಯಾಡಿಸಿದೆ. ಪುಸ್ತಕದಲ್ಲಿ ಬರೆದುಕೊಂಡೆ:
ಮುಖಪುಟದಲ್ಲಿ ಅಲೆಗಳು ಚಲಿಸಬೇಕು.

ಒಕೆಲ್ಲೊ ಮೂರು ವಾರ ಅಲೆ ಮಾಡಿದ.
ಸುಳ್ಳು ಹೇಳಬಾರದು, ಚೆಂದದ ಅಲೆ,
ನೊರೆ ಸಹಿತ.
ನ್ಯಾಬೋಕೆ ಯಾರಿಗೂ ಹೇಳದೆ ದರದ ಕೋಷ್ಟಕ ಹೆಣೆದಳು,
ಅದೇ ಕೋಷ್ಟಕವನ್ನು ಬರಾಸಾನೂ ಹೆಣೆದ, ಯಾರಿಗೂ ಹೇಳದೆ.
ಎರಡನ್ನೂ ಸೇರಿಸಿದ ರಾತ್ರಿ
ಮೀನಿನ ಬೆಲೆ ದೋಣಿಯ ಹೆಸರಾಯಿತು,
ದೋಣಿ ಸೊನ್ನೆಗಿಂತ ನಲವತ್ತು ಕಿಲೋ ಕಡಿಮೆ ತೂಗಿತು.
ಒಬ್ಬರ ಪಕ್ಕ ಒಬ್ಬರು ಕೂತಿದ್ದರು ಅವರಿಬ್ಬರೂ,
ಒಂದೇ ಚಾರ್ಜರ್ ಹಂಚಿಕೊಂಡು.

ವಂಜಾಲ ಆರನೇ ವಾರದಿಂದ ಕಾಣಲಿಲ್ಲ.
ಏಳು ಸಂದೇಶ ಕಳಿಸಿದೆ, ಒಂದಕ್ಕಿಂತ ಒಂದು ಗಟ್ಟಿ ದನಿಯಲ್ಲಿ.
ವರದಿಯಲ್ಲಿ ಬರೆದೆ: ಕೈಕೊಟ್ಟ.
ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಸಿಕ್ಕಿದ ಕೊನೆಗೆ,
ನಾನು ವಹಿಸಿದ್ದ ಆ ಒಂದೇ ಪುಟದೊಂದಿಗೆ,
ತಿದ್ದಿ ತಿದ್ದಿ ಅಳಿಸಿ, ಕಣ್ಣು ಕೆಂಪಾಗಿ.
"ಅರ್ಥವಾಯಿತಾ?" ಅಂದಿದ್ದೆ ಅವತ್ತು, ಎಲ್ಲರೆದುರು.
"ಆಯಿತು" ಅಂದಿದ್ದ.
ಆ ಪ್ರಶ್ನೆಗೆ ಬೇರೆ ಉತ್ತರ ಯಾರು ಕೊಟ್ಟಾರು?
ಅವನು ಕೈಕೊಟ್ಟನಂತೆ!
ಹಿಡಿದುಕೊಳ್ಳಲೊಂದು ಕೈ
ನಾನೆಲ್ಲಿ ಕೊಟ್ಟಿದ್ದೆ.

ಹನ್ನೊಂದನೇ ವಾರ, ನಸುಕು.
ರಾತ್ರಿಯೆಲ್ಲ ಉರಿದ ದೀಪಗಳನ್ನು ಆರಿಸುತ್ತ
ಒಮೆನಾ ದೋಣಿಗಳು ದಡಕ್ಕೆ ಬರುತ್ತಿದ್ದವು.
ಅಕೆಯೊ ಫೋನು ಹಿಡಿದು ಬೆರಳೊತ್ತಿದಳು.
ಬೆರಳ ತುಂಬ ಮೀನಿನ ಪೊರೆ,
ಪರದೆಗೆ ಅವಳ ಗುರುತೇ ಹತ್ತಲಿಲ್ಲ.
ಲಂಗಕ್ಕೆ ಒರೆಸಿ ಮತ್ತೆ ಒತ್ತಿದಳು, ಮತ್ತೆ ಒರೆಸಿ ಮತ್ತೆ.
ಅಲೆ ಬಂತು, ಅರ್ಧ ಬಂತು, ನಿಂತಿತು.
ಹಾಕಿಸಿದ್ದ ಡೇಟಾ ಮುಗಿದಿತ್ತು.
ಫೋನು ನನ್ನ ಕೈಗಿಟ್ಟು, ಕೋಪವೇನೂ ಇಲ್ಲದೆ ಕೇಳಿದಳು:
"ನೀರು ಇಲ್ಲೇ ಇದೆಯಲ್ಲ ಮಗಳೇ,
ಇದರೊಳಗೆ ಮತ್ತೆ ಯಾಕೆ?"

ಪಕ್ಕದಲ್ಲೊಬ್ಬ ಬಲೆ ರಿಪೇರಿಗೆ ಕೂತಿದ್ದ.
ಎರಡು ಬೆರಳು ತೂರಿಸಿ
ಒಂದೊಂದೇ ಕಣ್ಣು ಅಳೆಯುತ್ತಿದ್ದ.
ನೋಡುತ್ತ ನಿಂತೆ ಬಹಳ ಹೊತ್ತು.
ಗಂಟು ಹಾಕುವುದಕ್ಕಿಂತ
ಅವನು ಕತ್ತರಿಸುವುದೇ ಹೆಚ್ಚಿತ್ತು.

ಅಲೆಗಳನ್ನು ಒಕೆಲ್ಲೊನೇ ಅಳಿಸಿದ.
ನಾನು ಆಗ ಚಹಾ ತರುವ ನೆಪದಲ್ಲಿ ಹೊರಗಿದ್ದೆ,
ಮ್ಯಾನೇಜರ್ ಕೆಲಸ ಅಂದರೆ ಕೆಲವು ಸಲ ಅದೂ ಹೌದು.
ಬರಾಸಾ ತನ್ನ ಕೋಷ್ಟಕ ಬಿಟ್ಟುಕೊಟ್ಟ,
ನಾಲ್ಕು ದಿನ ಮಾತು ಬಿಟ್ಟ, ಆಮೇಲೆ ಅವನೇ
ನ್ಯಾಬೋಕೆಯದರಲ್ಲಿ ತಪ್ಪು ಹುಡುಕಿ ಕೊಟ್ಟ, ಸಂಭ್ರಮದಿಂದ.
ಉಳಿದದ್ದು ಒಂದೇ ಸಾಲು,
ಹಳೆಯ ಒತ್ತುಗುಂಡಿಯ ಫೋನಿಗೂ ಹೋಗುವಂಥದ್ದು.

ಡಾಕ್ಟರ್ ಒಡೆರ ನೂರಕ್ಕೆ ಐವತ್ತೆಂಟು ಕೊಟ್ಟರು.
ಷರಾ: ನೋಡಲು ಏನೂ ಇಲ್ಲ.

ಪದವಿ ಮುಗಿದು ಎರಡು ವರ್ಷ.
ಇನ್ನೂ ದಿನಾ ನಾಲ್ಕೂವರೆಗೆ ನನ್ನ ದಿಂಬಿನ ಪಕ್ಕ ಬೆಳಕಾಗುತ್ತದೆ:
ದೋಣಿ ಎಂಟು. ಒಮೆನಾ ಡಬ್ಬಿಗೆ ಇನ್ನೂರ ಐವತ್ತು.
ನಾನು ಮೀನು ಕೊಳ್ಳುವವಳಲ್ಲ.
ಆದರೂ ಆ ಸಂಖ್ಯೆಯಿಂದ ನನ್ನ ಹೆಸರು ತೆಗೆಸಿಲ್ಲ.
ಬೆಳಕಾಗದ ದಿನ ಎದ್ದು ಕೂತು ನಗುತ್ತೇನೆ,
ವಂಜಾಲ ಇವತ್ತು ನಿದ್ದೆ ಹೋಗಿದ್ದಾನೆ.
ಐದು ನಿಮಿಷ ಕಾಯುತ್ತೇನೆ.
ಸಂದೇಶ ಕಳಿಸುವುದಿಲ್ಲ,
ಫೋನು ಮಾಡುತ್ತೇನೆ.